ಬುತ್ತಿ ಚೀಲ ಯಾರ ಹೆಗಲಿಗೆ?

ದಸರೆ ಗುರುವಾರ ಮುಗಿಯಿತು. ಶುಕ್ರವಾರ ಸಂಜೆಯಾಗುವಷ್ಟರಲ್ಲಿ ತಿಕೋಟಾದ ನಮ್ಮ ಮನೆಯ ಕಟ್ಟೆಯ ಮುಂದೆ ಚಪ್ಪಲಿ ಬಿಡಲು ಜಾಗ ಉಳಿದಿರಲಿಲ್ಲ. ಧಾರವಾಡದಿಂದ ಒಬ್ಬ, ಸೊಲ್ಲಾಪುರದಿಂದ ಒಬ್ಬ, ಬೆಂಗಳೂರಿನಿಂದ ಒಬ್ಬ, ಹೀಗೆ ನನ್ನ ಮೂವರು ಗೆಳೆಯರು ಬಂದಿದ್ದರು. ಐವತ್ತು ವರ್ಷದ ಹಿಂದೆ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಇದ್ದವರು ನಾವು. ಸೊಲ್ಲಾಪುರದವನು ಹೆಂಡತಿಯನ್ನು ಕರೆತಂದಿದ್ದ. ಬೆಂಗಳೂರಿನವನು ಆರನೇ ತರಗತಿಯ ಮೊಮ್ಮಗನನ್ನು ಕರೆತಂದಿದ್ದ. ನಮ್ಮ ಮನೆಯಲ್ಲಿ ನನ್ನ ಮೊಮ್ಮಗಳು, ಅವಳ ಅಣ್ಣ ಇಬ್ಬರೂ ದಸರೆ ರಜೆಗೆ ಬಂದವರು ಇನ್ನೂ ಹೊರಟಿರಲಿಲ್ಲ.

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆ ಹಂಚುತ್ತಾರೆ. ಕಿರಿಯರು ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳುತ್ತಾರೆ. 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಅಂದು ಮಾತಾಡುವುದುಂಟು. ಗೆಳೆಯರು ಒಂದು ದಿನ ತಡವಾಗಿ ಬಂದರೂ ಮೊಮ್ಮಗಳು ಒಂದು ಬಟ್ಟಲು ತುಂಬ ಬನ್ನಿ ಎಲೆ ಎತ್ತಿಟ್ಟಿದ್ದಳು. ಎಲ್ಲರಿಗೂ ಕೊಟ್ಟು ಎಲ್ಲರಿಂದಲೂ ಹತ್ತತ್ತು ರೂಪಾಯಿ ವಸೂಲು ಮಾಡಿದಳು.

ಊಟ ಮುಗಿದ ಮೇಲೆ ನಾನು ನನ್ನ ಯೋಜನೆ ಹೇಳಿದೆ. ಮರುದಿನ ಬೆಳಿಗ್ಗೆ ತಿಕೋಟಾದಿಂದ ತೊರವಿಗೆ ಎಲ್ಲರೂ ನಡೆದೇ ಹೋಗುವುದು. ತಿಕೋಟಾ ವಿಜಯಪುರದ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿ ಸುಮಾರು 20 ಕಿ.ಮೀ. ದೂರದಲ್ಲಿದೆ. ಅದೇ ರಸ್ತೆಯಲ್ಲಿ ವಿಜಯಪುರ ಇನ್ನೂ ಐದಾರು ಕಿ.ಮೀ. ಇರುವಾಗ ತೊರವಿ ಸಿಗುತ್ತದೆ. ಅಂದರೆ ನಮ್ಮ ನಡಿಗೆ 14-15 ಕಿ.ಮೀ. ವಾಹನಗಳ ಕಾಟ ಬೇಡವೆಂದು ಆದಷ್ಟೂ ಹೊಲದ ಬಂಡಿದಾರಿ ಹಿಡಿಯುವುದು. ಎಂಟೂವರೆಗೆ ಒಂದು ಬೇವಿನ ಮರದ ಕೆಳಗೆ ನಾಷ್ಟಾ. ಹನ್ನೊಂದಕ್ಕೆ ತೊರವಿ. ಅಲ್ಲಿ ಸಂಗೀತ ಮಹಲು ನೋಡಿ, ಊಟ ಮಾಡಿ, ಬಸ್ಸಿನಲ್ಲಿ ವಾಪಸ್ಸು.

ನನ್ನ ಹೆಂಡತಿಗೆ ಮಂಡಿ ನೋವು. ಅವಳೂ ಸೊಲ್ಲಾಪುರದ ಗೆಳೆಯನ ಹೆಂಡತಿಯೂ ಮಧ್ಯಾಹ್ನದ ಬಿಸಿ ಊಟ ಕಟ್ಟಿಕೊಂಡು ಬಸ್ಸಿನಲ್ಲಿ ತೊರವಿಗೆ ಬರುವುದೆಂದಾಯಿತು. ನಡೆಯುವವರು ನಾವು ನಾಲ್ವರು ಮುದುಕರು, ಮೂವರು ಮಕ್ಕಳು. ಒಟ್ಟು ಏಳು ಮಂದಿ.

ಬೆಳಿಗ್ಗೆ ನಾಷ್ಟಾದ ಬುತ್ತಿಯನ್ನು ಒಂದು ದೊಡ್ಡ ಬೆನ್ನುಚೀಲಕ್ಕೆ ತುಂಬುತ್ತ ಹೆಂಡತಿ ಒಂದು ಮಾತು ಹೇಳಿದಳು: 'ಈ ಚೀಲ ಎಲ್ಲಾರ್ಕಿಂತ ಹಿಂದ ಬರೋರ ಹೆಗಲಿಗೆ ಹಾಕ್ರಿ.'

'ಹಿಂದ ಬರೋರು ಮೊದಲ ದಣದಿರ್ತಾರ. ಅವರ ಮ್ಯಾಲೆ ಮತ್ತ ಭಾರ ಹೊರಸೂದೇನ?' ಎಂದು ನಾನು ನಕ್ಕೆ. ದಾರಿ ಗೊತ್ತಿದ್ದವನು ನಾನು, ಅತಿಥಿಗಳನ್ನು ಕರೆದವನು ನಾನು, ಆದ್ದರಿಂದ ಚೀಲ ನಾನೇ ಹೊರುತ್ತೇನೆ ಎಂದೆ. ಅವಳು ಮುಂದೆ ಮಾತಾಡಲಿಲ್ಲ. ಧಾರವಾಡದ ಗೆಳೆಯ ತನ್ನ ಫೋನು, ಕನ್ನಡಕದ ಡಬ್ಬಿ ಎರಡನ್ನೂ ಅದೇ ಚೀಲಕ್ಕೆ ಹಾಕಿದ. ಜೇಬು ಹಗುರಾದರೆ ನಡೆಯಲು ಸಲೀಸು ಎಂದ.

ಆರೂವರೆಗೆ ಹೊರಟೆವು. ಆಶ್ವಯುಜ ಮಾಸದ ಬೆಳಗು. ಹಿಂದಿನ ವಾರ ಬಿದ್ದ ಮಳೆಗೆ ಎರೆ ಭೂಮಿ ಮೆತ್ತಗಾಗಿತ್ತು. ಬಂಡಿದಾರಿಯ ಅಂಚಿನಲ್ಲಿ ಕಾಲಿಟ್ಟರೆ ಮಣ್ಣು ಚಪ್ಪಲಿಗೆ ಅಂಟಿ, ಒಂದು ಕಾಲು ಇನ್ನೊಂದಕ್ಕಿಂತ ಎತ್ತರವಾಗುತ್ತಿತ್ತು. ಬೆಂಗಳೂರಿನ ಹುಡುಗನಿಗೆ ಅದೇ ದೊಡ್ಡ ಆಟ. ತೊಗರಿ ಹಳದಿ ಹೂ ಬಿಟ್ಟಿತ್ತು. ಕೆಲವು ಹೊಲಗಳಲ್ಲಿ ಬಿಳಿಜೋಳ ಬಿತ್ತುತ್ತಿದ್ದರು, ಕೆಲವು ಹೊಲಗಳಲ್ಲಿ ಆಗಲೇ ಎರಡೆಲೆಯ ಮೊಳಕೆ ಎದ್ದಿತ್ತು. ನಮ್ಮ ರೊಟ್ಟಿಯ ಜೋಳ ಇದೇ. ಮಳೆಗಾಲ ಮುಗಿಯುವಾಗ ಬಿತ್ತಿದರೆ ಕಪ್ಪು ಮಣ್ಣು ಹಿಡಿದಿಟ್ಟ ಹಸಿಯಲ್ಲಿಯೇ ಚಳಿಗಾಲವಿಡೀ ಬೆಳೆದು ಬರುತ್ತದೆ.

ಮುಂದೆ ದ್ರಾಕ್ಷಿ ತೋಟಗಳು ಬಂದವು. 'ಅಜ್ಜಾ, ದ್ರಾಕ್ಷಿ ಎಲ್ಲಿ? ಬರೀ ಕಡ್ಡಿ ಐತಲ್ಲ!' ಎಂದು ಮೊಮ್ಮಗ ಕೇಳಿದ. ಎಲ್ಲ ಮಕ್ಕಳಿಗೂ ಬರುವ ಪ್ರಶ್ನೆ ಇದು. ದ್ರಾಕ್ಷಿ ಬಳ್ಳಿಯನ್ನು ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿಸುತ್ತಾರೆ, ಬೆಳೆ ಬರುವುದು ಒಂದೇ ಸಲ. ಏಪ್ರಿಲ್ ಹೊತ್ತಿಗೆ ಮಾಡುವ ಚಾಟಣಿ ಹೊಸ ಕಡ್ಡಿ ಬೆಳೆಯಲಿ ಎಂದು. ಅಕ್ಟೋಬರ್ ಹೊತ್ತಿಗೆ ಮಾಡುವ ಚಾಟಣಿ ಆ ಕಡ್ಡಿಯಲ್ಲಿ ಹೂ-ಕಾಯಿ ಬರಲಿ ಎಂದು. ಅಲ್ಲಿಂದ ಸುಮಾರು ನಾಲ್ಕು ತಿಂಗಳಿಗೆ ಹಣ್ಣು. ಫೆಬ್ರುವರಿ, ಮಾರ್ಚ್‌ನಲ್ಲಿ ಗಾಳಿ ಒಣಗಿ ಬಿಸಿಲು ಏರಿದಾಗ ಹಣ್ಣನ್ನು ಶೆಡ್ಡಿನೊಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ನೆರಳಿನ ಗಾಳಿಗೆ ಎರಡು ವಾರದಲ್ಲಿ ಅದು ಒಣದ್ರಾಕ್ಷಿ. ನಾಲ್ಕು ಕಿಲೋ ಹಣ್ಣು ಹಾಕಿದರೆ ಒಂದು ಕಿಲೋ ಒಣದ್ರಾಕ್ಷಿ. ಆ ಎರಡು ವಾರದಲ್ಲಿ ಒಂದು ಅಕಾಲ ಮಳೆ ಬಂದರೆ ವರ್ಷದ ದುಡಿಮೆಯೆಲ್ಲ ಕಪ್ಪಾಗುತ್ತದೆ.

ಇದನ್ನೆಲ್ಲ ಹೇಳುತ್ತ ನಾನು ಮುಂದೆ ನಡೆಯುತ್ತಿದ್ದೆ. ಕೇಳುವವರಿದ್ದರೆ ಹೇಳುವವನ ಕಾಲು ಜೋರಾಗುತ್ತದೆ. ಎಂಟೂವರೆಗೆ ನಾನು ಗೊತ್ತು ಮಾಡಿಟ್ಟಿದ್ದ ಬೇವಿನ ಮರ ಬಂತು. ಹೆಜ್ಜೆಗೆ ಒಂದು ಲಯ ಸಿಕ್ಕಿತ್ತು, ಮಕ್ಕಳೂ ಹುರುಪಿನಲ್ಲಿದ್ದರು. 'ಈಗ ಕುಂತರ ಏಳೂದು ಕಷ್ಟ. ಇನ್ನೊಂದಿಷ್ಟು ಬಿಸಿಲು ಏರೂದ್ರಾಗ ಮುಂದ ಹೋಗೂಣು, ತೊರವ್ಯಾಗ ಹೊಟ್ಟಿ ತುಂಬ ತಿನ್ನೂಣು' ಎಂದೆ. ಯಾರೂ ಬೇಡ ಎನ್ನಲಿಲ್ಲ. ಧಾರವಾಡದ ಗೆಳೆಯನೂ 'ನಡಿ ನಡಿ' ಎಂದ.

ಅವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಇದು ನನಗೆ ಗೊತ್ತಿತ್ತು. ಬೆಳಿಗ್ಗೆ ಅವನು ಗುಳಿಗೆ ನುಂಗಿ, ಎಂಟೂವರೆಗೆ ನಾಷ್ಟಾ ಇದೆಯಲ್ಲ ಎಂದು ಬರೀ ಅರ್ಧ ಕಪ್ ಸಪ್ಪೆ ಚಹಾ ಕುಡಿದದ್ದನ್ನೂ ನೋಡಿದ್ದೆ. ಆದರೂ ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ತೊರವಿ ಮಾತ್ರ.

ಒಂಬತ್ತೂಕಾಲಿರಬೇಕು. ಮೊಮ್ಮಗಳು ನನ್ನ ಅಂಗಿಯ ತುದಿ ಜಗ್ಗಿದಳು. 'ಅಜ್ಜಾ, ನಾವು ಏಳು ಮಂದಿ ಇದ್ದಿವಿ. ಈಗ ಆರೇ ಮಂದಿ ಅದೀವಿ.'

ತಿರುಗಿ ನೋಡಿದೆ. ಬಂಡಿದಾರಿ ಒಂದು ತೋಟದ ಮೂಲೆಯಲ್ಲಿ ಹೊರಳುತ್ತಿತ್ತು. ಅದರಾಚೆ ಏನೂ ಕಾಣುತ್ತಿರಲಿಲ್ಲ. ಕೂಗಿದೆವು, ಉತ್ತರವಿಲ್ಲ. ಫೋನ್ ಹಚ್ಚಿದೆ. ರಿಂಗಾಯಿತು, ನನ್ನ ಬೆನ್ನ ಮೇಲಿನ ಚೀಲದೊಳಗೇ! ಆ ಸದ್ದು ಕೇಳಿದಾಗ ನನಗಾದ ಭಯವನ್ನು ಈಗ ನೆನೆದರೂ ಕೈ ತಣ್ಣಗಾಗುತ್ತದೆ. ಅವನ ಫೋನು, ಅವನ ಕನ್ನಡಕ, ಅವನ ಪಾಲಿನ ರೊಟ್ಟಿ, ಕುಡಿಯುವ ನೀರು ಎಲ್ಲವೂ ನನ್ನ ಬೆನ್ನ ಮೇಲೆ ಇದ್ದವು.

ಸೊಲ್ಲಾಪುರದ ಗೆಳೆಯನನ್ನು ಮಕ್ಕಳೊಂದಿಗೆ ಒಂದು ಮರದ ಕೆಳಗೆ ನಿಲ್ಲಿಸಿ, ನಾನೂ ಬೆಂಗಳೂರಿನವನೂ ಬಂದ ದಾರಿಯಲ್ಲಿ ಓಡಿದೆವು. ಎಪ್ಪತ್ತರ ಹತ್ತಿರದವರ ಓಟ ಹೇಗಿರುತ್ತದೆ ನೀವೇ ಊಹಿಸಿಕೊಳ್ಳಿ. ಒಂದು ಕಿಲೋಮೀಟರು ಹಿಂದೆ ದ್ರಾಕ್ಷಿ ತೋಟವೊಂದರ ಬದಿಯಲ್ಲಿ ತಗಡಿನ ಶೆಡ್ಡು ಇತ್ತು. ಅದರ ನೆರಳಿನಲ್ಲಿ ಹೊರಸಿನ ಮೇಲೆ ಅವನು ಕುಳಿತಿದ್ದ. ಮೈಯೆಲ್ಲ ಬೆವರು. ಅಂಗಿ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಕೈಯಲ್ಲಿ ಒಂದು ಹಿತ್ತಾಳೆಯ ತಂಬಿಗೆ. ಪಕ್ಕದಲ್ಲಿ ಚಾಟಣಿ ಕೆಲಸಕ್ಕೆ ಬಂದಿದ್ದ ನಾಲ್ಕೈದು ಹೆಣ್ಣುಮಕ್ಕಳು. ಅವರಲ್ಲಿ ಹಿರಿಯಳೊಬ್ಬಳು ಸೆರಗಿನಿಂದ ಅವನಿಗೆ ಗಾಳಿ ಹಾಕುತ್ತಿದ್ದಳು.

ಆದದ್ದು ಇಷ್ಟು. ಅವನಿಗೆ ನಡೆಯುತ್ತ ನಡೆಯುತ್ತ ಕೈ ನಡುಗತೊಡಗಿದೆ, ಕಣ್ಣಿಗೆ ಕತ್ತಲು ಬಂದಿದೆ. ಕೂಗಲು ಸಂಕೋಚ. ಮಕ್ಕಳೆಲ್ಲ ಖುಷಿಯಾಗಿ ಹೋಗುತ್ತಿದ್ದಾರೆ, ತನ್ನೊಬ್ಬನಿಗಾಗಿ ಯಾಕೆ ನಿಲ್ಲಬೇಕು, ಸ್ವಲ್ಪ ಕುಳಿತು ಆಮೇಲೆ ಹಿಂದೆಯೇ ಹೋದರಾಯಿತು ಎಂದುಕೊಂಡಿದ್ದಾನೆ. ಬದುವಿನ ಮೇಲೆ ಕುಳಿತವನಿಗೆ ಏಳಲು ಆಗಿಲ್ಲ. ತೋಟದಲ್ಲಿದ್ದ ಆ ತಾಯಿ ನೋಡಿ, ಇಬ್ಬರು ಹುಡುಗಿಯರನ್ನು ಕರೆದು ತೋಳು ಹಿಡಿದು ನೆರಳಿಗೆ ತಂದಿದ್ದಾಳೆ. ಯಾರು, ಯಾವ ಊರು ಎಂದು ಕೇಳುವ ಮೊದಲೇ ತಂಬಿಗೆಯಲ್ಲಿ ಬೆಲ್ಲ ಕರಗಿಸಿ ಕುಡಿಸಿದ್ದಾಳೆ. ಆಮೇಲೆ ಒಂದು ಹಿಡಿ ಒಣದ್ರಾಕ್ಷಿ. ಆಮೇಲೆ ತನ್ನ ಬುತ್ತಿಯಿಂದ ಅರ್ಧ ರೊಟ್ಟಿ, ಶೇಂಗಾ ಹಿಂಡಿ.

ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ-ನೀರು ಕೊಡುವುದು ನಮ್ಮ ಹಳೆಯ ಪದ್ಧತಿ. ಆ ದಿನ ಅದೇ ಔಷಧವಾಯಿತು. ಮನೆಗೆ ಬಂದ ಮೇಲೆ ಫೋನಿನಲ್ಲಿ ಅವನ ಡಾಕ್ಟರರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಈ ಅಂಕಣ ಓದುವ ಎಷ್ಟೋ ಅಜ್ಜ-ಅಜ್ಜಿಯರಿಗೆ ಇದೇ ಕಾಯಿಲೆ ಇದೆ. ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ತಡ ಮಾಡಿದರೆ, ಅದರ ಮೇಲೆ ದೂರ ನಡೆದರೆ, ರಕ್ತದಲ್ಲಿ ಸಕ್ಕರೆ ಬಹಳ ಕಡಿಮೆಯಾಗಬಹುದು. ಬೆವರು, ನಡುಕ, ಎದೆ ಬಡಿತ, ಮಬ್ಬು, ತೊದಲು ಮಾತು ಇವು ಅದರ ಗುರುತುಗಳು. ಎಚ್ಚರವಿದ್ದು ನುಂಗುವ ಹಾಗಿದ್ದರೆ ಆ ಕ್ಷಣಕ್ಕೆ ಸಕ್ಕರೆ ನೀರೋ ಬೆಲ್ಲದ ನೀರೋ ಕುಡಿಸಬೇಕು, ಸ್ವಲ್ಪ ಹೊತ್ತಿಗೆ ಊಟ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. 'ಸಕ್ಕರೆ ಕಾಯಿಲೆ ಇದ್ದವರಿಗೆ ಸಿಹಿ ಕೊಡಬಾರದಲ್ಲ' ಎಂದು ಆ ಹೊತ್ತಿನಲ್ಲಿ ಹಿಂಜರಿಯಬಾರದು. ಮಕ್ಕಳೇ, ನಿಮ್ಮ ಅಜ್ಜನಿಗೋ ಅಜ್ಜಿಗೋ ಈ ಕಾಯಿಲೆ ಇದ್ದರೆ ಇಷ್ಟನ್ನು ನೀವು ನೆನಪಿಡಬೇಕು. ಮನೆಯಲ್ಲಿ ಒಮ್ಮೊಮ್ಮೆ ನೀವಿಬ್ಬರೇ ಇರುತ್ತೀರಿ.

ನಾನು ಆ ತಾಯಿಗೆ ಕೈ ಮುಗಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಬೆನ್ನ ಮೇಲಿನ ಉಬ್ಬಿದ ಚೀಲವನ್ನೂ ನೋಡಿದಳು.

'ಅದು ಏನ್ರಿ, ಬುತ್ತಿ ಏನ್ರಿ?'

'ಹೌದವ್ವಾ.'

'ಬುತ್ತಿ ಮುಂದ ಹೋಯ್ತು, ಹಸದ ಮನಿಷ್ಯಾ ಹಿಂದ ಉಳದಾ. ಹಿಂಗ ಮಾಡ್ತಾರೇನ್ರಿ ಯಜಮಾನ್ರ?'

ಸಿಟ್ಟಿನಿಂದ ಹೇಳಲಿಲ್ಲ ಅವಳು. ನನಗೆ ಮಾತ್ರ ಉತ್ತರ ಹೊಳೆಯಲಿಲ್ಲ. ಅವನು ನನ್ನ ಮನೆಗೆ ಬಂದ ಅತಿಥಿ. ಅವನಿಗೆ ಅನ್ನ-ನೀರು ಕೊಡುವುದು ನನ್ನ ಕೆಲಸವಾಗಿತ್ತು. ಕೊಟ್ಟವಳು ಬೇರೆಯವರ ತೋಟದಲ್ಲಿ ದಿನಗೂಲಿಗೆ ಬಂದ ಹೆಣ್ಣುಮಗಳು.

ಗೆಳೆಯ ಅರ್ಧ ಗಂಟೆಯಲ್ಲಿ ಮೊದಲಿನಂತಾದ. ವಾಹನ ಕರೆಸುತ್ತೇನೆ ಎಂದರೆ ಮೊದಲು ಒಪ್ಪಲಿಲ್ಲ. ನಾನೂ ಬಿಡಲಿಲ್ಲ. ಮಕ್ಕಳನ್ನೂ ಸೊಲ್ಲಾಪುರದವನನ್ನೂ ಕರೆದುಕೊಂಡು ಎಲ್ಲರೂ ಅಲ್ಲಿಯೇ ಶೆಡ್ಡಿನ ನೆರಳಿನಲ್ಲಿ ಚೀಲ ಬಿಚ್ಚಿದೆವು. ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮೊಸರು, ಶೇಂಗಾ ಹೋಳಿಗೆ. ಕೆಲಸದ ಹೆಣ್ಣುಮಕ್ಕಳನ್ನೂ ಕರೆದೆವು. ಅವರು ತಮ್ಮ ಬುತ್ತಿಯನ್ನೂ ತಂದು ನಡುವೆ ಇಟ್ಟರು. ಬೆಂಗಳೂರಿನ ಹುಡುಗ ಅವರ ಪುಂಡಿಪಲ್ಲೆಯನ್ನು ಮೂರು ಸಲ ಹಾಕಿಸಿಕೊಂಡ. ಆಮೇಲೆ ಒಂದು ಟಂಟಂ ಸಿಕ್ಕಿತು. ಏಳೂ ಜನ ಅದರಲ್ಲಿ ಕುಳಿತು ತೊರವಿಗೆ ಹೋದೆವು. ನಡೆಯುವ ಯೋಜನೆ ಅಲ್ಲಿಗೆ ಮುಗಿಯಿತು.

ತೊರವಿಯಲ್ಲಿ ಮೊದಲು ನೋಡಿದ್ದು ನರಸಿಂಹನ ಗುಡಿ. 'ಕುಮಾರ ವಾಲ್ಮೀಕಿ' ಎಂದು ಹೆಸರಾದ ಕವಿ ನರಹರಿ ಭಾಮಿನಿ ಷಟ್ಪದಿಯಲ್ಲಿ ರಾಮಾಯಣ ಬರೆದದ್ದು ಈ ನರಸಿಂಹನ ಹೆಸರಿನಲ್ಲಿ. ಅದಕ್ಕೇ ಅದು 'ತೊರವೆ ರಾಮಾಯಣ'. ನಿಮ್ಮ ಪಠ್ಯದಲ್ಲಿ ಹೆಸರು ಓದಿದವರು ಊರನ್ನೂ ಒಮ್ಮೆ ನೋಡಬೇಕು.

ಆಮೇಲೆ ಸಂಗೀತ ಮಹಲು. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ದೊಡ್ಡ ಸಂಗೀತಪ್ರಿಯ. ಅವನು ದಖನಿ ಭಾಷೆಯಲ್ಲಿ ಬರೆದ 'ಕಿತಾಬ್-ಎ-ನವರಸ್'ನಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ. ಜನ ಅವನನ್ನು 'ಜಗದ್ಗುರು ಬಾದಶಹ' ಎಂದು ಕರೆದರು. 1599ರಲ್ಲಿ ಇಲ್ಲಿ ನವರಸಪುರ ಎಂಬ ಹೊಸ ನಗರವನ್ನೇ ಕಟ್ಟಿಸಲು ಶುರು ಮಾಡಿದ. ಕಟ್ಟಡ ಪೂರ್ತಿಯಾಗುವ ಮೊದಲೇ, 1624ರಲ್ಲಿ, ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಈಗ ಉಳಿದಿರುವುದು ಚಾವಣಿಯಿಲ್ಲದ ಈ ಎತ್ತರದ ಕಮಾನುಗಳು, ಎದುರಿನ ನಾರಿ ಮಹಲು, ಅಲ್ಲಲ್ಲಿ ಗೋಡೆ. ಮಕ್ಕಳು ನಡುವಿನ ಅಗಲ ಕಮಾನಿನ ಕೆಳಗೆ ನಿಂತು ಕೂಗಿ ನೋಡಿದರು. ಧಾರವಾಡದ ಗೆಳೆಯ ಕಲ್ಲಿನ ಮೇಲೆ ಕುಳಿತು ಕಣ್ಣು ಮುಚ್ಚಿ ಸಣ್ಣಗೆ ಒಂದು ರಾಗ ಗುನುಗಿದ. ಅಷ್ಟು ಹೊತ್ತಿಗೆ ಹೆಂಗಸರಿಬ್ಬರೂ ಊಟ ತಂದಿದ್ದರು. ಮೊಮ್ಮಗಳು ನಡೆದದ್ದನ್ನೆಲ್ಲ ಅಜ್ಜಿಗೆ ಒಂದಕ್ಷರ ಬಿಡದೆ ಒಪ್ಪಿಸಿದಳು. ಹೆಂಡತಿ ನನ್ನ ಕಡೆ ನೋಡಿದಳು, ಏನೂ ಹೇಳಲಿಲ್ಲ. ಗೆಳೆಯನಿಗೆ ಮೊದಲು ಬಡಿಸಿದಳು.

ತೊರವಿ ಬಿಡುವ ಮೊದಲು ಮಕ್ಕಳಿಗೆ ಇನ್ನೊಂದು ಹೇಳಿದೆ. ಈ ಭಾಗದಲ್ಲಿ ನೆಲದ ಕೆಳಗೆ ನೀರಿನ ಸುರಂಗವಿದೆ, 'ಸುರಂಗ ಬಾವಡಿ' ಎನ್ನುತ್ತಾರೆ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ಒರತೆ ನೀರು ಈ ದಾರಿಯಲ್ಲಿ ವಿಜಯಪುರಕ್ಕೆ ಹೋಗುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ಸುರಂಗವನ್ನು ಸ್ವಲ್ಪವೇ ಇಳಿಜಾರಾಗಿ ತೋಡಿದರೆ ನೀರು ತಾನೇ ನಡೆಯುತ್ತದೆ. ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು. ತೋಡುವಾಗ ಮಣ್ಣು ಎತ್ತಲು, ಆಮೇಲೆ ಒಳಗೆ ಗಾಳಿಯಾಡಲು, ಹೂಳು ತೆಗೆಯಲು ಅವು ಬೇಕು. ಪರ್ಷಿಯಾ ದೇಶದಿಂದ ಬಂದ ಈ ವಿದ್ಯೆಗೆ ಕಾರೇಜ್ ಎಂದು ಹೆಸರು. ವಿಶ್ವ ಸ್ಮಾರಕ ನಿಧಿ ಎಂಬ ಸಂಸ್ಥೆ 2020ರ ತನ್ನ ಕಾಳಜಿಯ ಪಟ್ಟಿಯಲ್ಲಿ ದಖನ್ ಪ್ರಸ್ಥಭೂಮಿಯ ಇಂಥ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿದೆ. 'ಇಳಿಜಾರು ಜಾಸ್ತಿ ಮಾಡಿದ್ರ ನೀರು ಲಗೂ ಬರ್ತಿತ್ತಲ್ಲ?' ಎಂದು ಬೆಂಗಳೂರಿನ ಹುಡುಗ ಕೇಳಿದ. ಒಂದೇ ದಿನದಲ್ಲಿ ಅವನಿಗೆ ನಮ್ಮ ಮಾತು ಬಂದುಬಿಟ್ಟಿತ್ತು! ಜೋರಾಗಿ ಬಂದರೆ ಸುರಂಗದ ಮಣ್ಣು ಕೊರೆದುಹೋಗುತ್ತದೆ, ಆಮೇಲೆ ಯಾರಿಗೂ ನೀರಿಲ್ಲ ಎಂದೆ. ಹೇಳುವಾಗ ಬೆಳಗಿನ ನನ್ನ ನಡಿಗೆ ನೆನಪಾಗಿ ಸುಮ್ಮನಾದೆ.

ಆ ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿದೆವು. ಶೀಗಿ ಹುಣ್ಣಿಮೆಗೆ ಇನ್ನೂ ಮೂರು ದಿನವಿತ್ತು, ಆದರೂ ಓದುವಷ್ಟು ಬೆಳಕು. ಹಾಸ್ಟೆಲಿನ ಕಥೆಗಳೆಲ್ಲ ಬಂದವು. ಮಕ್ಕಳು ನಿದ್ದೆ ಹೋದ ಮೇಲೆ ನಾನು ಗೆಳೆಯನಿಗೆ 'ತಪ್ಪಾಯ್ತೋ' ಎಂದೆ.

'ನಂದೂ ತಪ್ಪೈತಿ' ಎಂದ ಅವನು. 'ನಿಲ್ಲು ಅಂತ ಒಂದು ಮಾತು ಹೇಳಬೇಕಾಗಿತ್ತು. ನಾಚಿಕಿ ಬಂತು. ಹಾಸ್ಟೆಲಿನ್ಯಾಗ ಓಟದಾಗ ನಿನ್ನ ಹಿಂದ ಹಾಕ್ತಿದ್ದೆ ನಾನು.'

ವಯಸ್ಸಾದವರ ಸಂಕೋಚ ಎಂದರೆ ಇದೇ. ಕಾಲು ನೋಯುತ್ತದೆ ಎಂದು ಹೇಳಲು ನಾವು ನಾಚುತ್ತೇವೆ. ಅತಿಥಿಯಾಗಿ ಹೋದಲ್ಲಿ ಇನ್ನಷ್ಟು ನಾಚುತ್ತೇವೆ. ನಮ್ಮನ್ನು ಕರೆದುಕೊಂಡು ಹೋಗುವವರಿಗೆ ನಮ್ಮ ಮುಖ ನೋಡಿ ತಿಳಿಯಲಿ ಎಂದು ಕಾಯುತ್ತೇವೆ. ಅವರೋ ಮುಂದೆ ನೋಡಿಕೊಂಡು ನಡೆಯುತ್ತಿರುತ್ತಾರೆ.

ಭಾನುವಾರ ಗೆಳೆಯರೆಲ್ಲ ಹೊರಡುವ ದಿನ. ಹೆಂಡತಿ ನಸುಕಿಗೇ ಎದ್ದು ಐದು ಕಿಲೋ ಒಣದ್ರಾಕ್ಷಿಯನ್ನು ಸಣ್ಣ ಸಣ್ಣ ಕಾಗದದ ಪೊಟ್ಟಣ ಕಟ್ಟಿದ್ದಳು. 'ಸೊಲ್ಲಾಪುರ ರಸ್ತಾಕ್ಕ ಹೋಗಿ ನಡಿಯೋರಿಗೆ ಕೊಟ್ಟು, ಹಂಗ ಇವರನ್ನ ಬಸ್ಸಿಗೆ ಹತ್ತಿಸಿ ಬರೂಣು' ಎಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದಸರೆ ಮುಗಿದು ಶೀಗಿ ಹುಣ್ಣಿಮೆ ಬರುವವರೆಗೆ ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಅಂಚು ಹಗಲೂ ರಾತ್ರಿ ಜನರಿಂದ ತುಂಬಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಊರುಗಳಿಂದ ಭಕ್ತರು ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುತ್ತಾರೆ. ಹೊರ್ತಿ, ಝಳಕಿ ದಾಟಿ, ಧೂಳಖೇಡದ ಹತ್ತಿರ ಭೀಮಾ ನದಿ ದಾಟಿದರೆ ಮಹಾರಾಷ್ಟ್ರ. ಸೊಲ್ಲಾಪುರಕ್ಕೆ ಸುಮಾರು 100 ಕಿ.ಮೀ., ಅಲ್ಲಿಂದ ತುಳಜಾಪುರಕ್ಕೆ ಮತ್ತೆ ಸುಮಾರು 45 ಕಿ.ಮೀ. ದಸರೆಯಲ್ಲಿ ಮಹಿಷಾಸುರನನ್ನು ಕೊಂದು ದಣಿದ ದೇವಿ ಹುಣ್ಣಿಮೆಯವರೆಗೆ ಮಂಚದ ಮೇಲೆ ಮಲಗುತ್ತಾಳೆ ಎಂಬುದು ಅಲ್ಲಿಯ ನಂಬಿಕೆ. ಅದಕ್ಕೆ ಶ್ರಮನಿದ್ರೆ ಎನ್ನುತ್ತಾರೆ. ದೇವಿ ಎದ್ದು ಕುಳಿತುಕೊಳ್ಳುವ ಹುಣ್ಣಿಮೆಯ ಹೊತ್ತಿಗೆ ತಲುಪಬೇಕೆಂದು ಇವರ ನಡಿಗೆ. ನನ್ನ ಹೆಂಡತಿ ಮಂಡಿ ಗಟ್ಟಿ ಇದ್ದಾಗ ಎರಡು ಸಲ ಹೀಗೆ ನಡೆದವಳು. ಅದನ್ನು ನಾನು ಶನಿವಾರ ಬೆಳಿಗ್ಗೆ ಮರೆತಿದ್ದೆ.

ರಸ್ತೆಯ ಬದಿಗೆ ಸಾಲು ಸಾಲು ಪೆಂಡಾಲುಗಳು. ಒಂದರಲ್ಲಿ ಉಪ್ಪಿಟ್ಟು, ಇನ್ನೊಂದರಲ್ಲಿ ಬಾಳೆಹಣ್ಣು, ಮತ್ತೊಂದರಲ್ಲಿ ಕಾಲಿಗೆ ಹಚ್ಚುವ ಮುಲಾಮು. ಯಾರದು ಯಾವ ಜಾತಿ, ಯಾವ ಊರು ಎಂದು ಕೇಳುವವರಿಲ್ಲ. ಕೇಳುವುದು ಎರಡೇ: 'ನೀರ ಕುಡೀತೀರೇನ್ರಿ? ಕುಂಡ್ರತೀರೇನ್ರಿ?' ನಮ್ಮ ಮಕ್ಕಳು ಮೂವರೂ ಪೊಟ್ಟಣ ಹಿಡಿದು ಸಾಲಾಗಿ ನಿಂತರು.

ಒಂದು ಗುಂಪು ಬಂತು. ಇಪ್ಪತ್ತು ಜನರಿರಬಹುದು. ಮುಂದೆ ಕೇಸರಿ ಧ್ವಜ ಹಿಡಿದ ಹುಡುಗ, 'ಉದೋ ಉದೋ' ಎನ್ನುತ್ತ ಬರಿಗಾಲಿನಲ್ಲಿ ನಡೆಯುತ್ತಿದ್ದ. ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಒಬ್ಬ ಅಜ್ಜಿ. ಅವಳ ಹಿಂದೆ, ಅವಳದೇ ವೇಗದಲ್ಲಿ, ಗುಂಪಿನಲ್ಲೇ ಗಟ್ಟಿಮುಟ್ಟಾಗಿ ಕಾಣುವ ಒಬ್ಬ ತರುಣ. ಅವನ ಎರಡೂ ಹೆಗಲಿಗೆ ಚೀಲ, ಕೈಯಲ್ಲಿ ನೀರಿನ ಕ್ಯಾನು.

ನಾನು ಅವನನ್ನು ನಿಲ್ಲಿಸಿ ಕೇಳಿಯೇ ಬಿಟ್ಟೆ: 'ತಮ್ಮಾ, ನೀ ಇಷ್ಟು ಗಟ್ಟಿ ಇದ್ದೀ. ಮುಂದ ಹೋಗೂದು ಬಿಟ್ಟು ಚೀಲ ತಗೊಂಡು ಹಿಂದ್ಯಾಕ?'

'ಮುಂದಿನವರಿಗೆ ಹಸಿವಾದ್ರ ನಿಂತು ಕಾಯ್ತಾರ್ರಿ. ಹಿಂದಿನವರಿಗೆ ಹಸಿವಾದ್ರ ಯಾರಿಗೂ ಗೊತ್ತಾಗೂದಿಲ್ಲ' ಎಂದ. ಪೊಟ್ಟಣ ತೆಗೆದುಕೊಂಡು ಮೊದಲು ಅಜ್ಜಿಯ ಕೈಗೆ ಕೊಟ್ಟು, ಮತ್ತೆ ಅವಳ ಹಿಂದೆ ಹೊರಟ.

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಆಗಲೂ ಏನೂ ಹೇಳಲಿಲ್ಲ. ಸ್ವಲ್ಪ ನಕ್ಕಳು ಅಷ್ಟೇ.

ಸೋಮವಾರ ಬೆಳಿಗ್ಗೆ ನಾನೂ ಮೊಮ್ಮಗಳೂ ಬಂಡಿದಾರಿ ಹಿಡಿದು ಆ ದ್ರಾಕ್ಷಿ ತೋಟಕ್ಕೆ ಹೋದೆವು. ಬಟ್ಟಲಿನಲ್ಲಿ ಉಳಿದಿದ್ದ ಬನ್ನಿ ಎಲೆ, ಒಂದು ಅಚ್ಚು ಬೆಲ್ಲ, ಒಂದು ಡಬ್ಬಿ ಶೇಂಗಾ ಹೋಳಿಗೆ ತೆಗೆದುಕೊಂಡಿದ್ದೆವು. ಆ ತಾಯಿ ಕೆಲಸದಲ್ಲಿದ್ದಳು. ಮೊಮ್ಮಗಳು ಬನ್ನಿ ಕೊಟ್ಟು ಕಾಲಿಗೆ ಬಿದ್ದಳು. ನಾನೂ ಎರಡು ಎಲೆ ಕೊಟ್ಟೆ. 'ಬನ್ನಿ ಹಬ್ಬ ಆಗಿ ನಾಲ್ಕ ದಿನಾ ಆತಲ್ಲರಿ' ಎಂದು ನಕ್ಕಳು. ಆಮೇಲೆ ಕೇಳಿದಳು: 'ನಿಮ್ಮ ಗೆಳ್ಯಾ ಆರಾಮ ಅದಾರೇನ್ರಿ? ಹಣ್ಣ ಒಣಗಿಸೂ ಮುಂದ ಕರಕೊಂಡು ಬರ್ರಿ. ತಾಜಾ ಮನೂಕ ಕೊಡ್ತೀನಿ.' ಒಣದ್ರಾಕ್ಷಿಗೆ ನಮ್ಮ ಕಡೆ ಮನೂಕ ಎಂದೂ ಹೇಳುತ್ತಾರೆ.

ಗೆಳೆಯನಿಗೆ ಅಂದೇ ಫೋನ್ ಹಚ್ಚಿ ಹೇಳಿದೆ. ಬರುತ್ತೇನೆ ಎಂದಿದ್ದಾನೆ. ಈಗ ಅವನ ಜೇಬಿನಲ್ಲಿ ಯಾವಾಗಲೂ ಒಂದು ಪೊಟ್ಟಣ ಒಣದ್ರಾಕ್ಷಿ ಇರುತ್ತದಂತೆ, ಫೋನೂ ಇರುತ್ತದಂತೆ.

ಮಕ್ಕಳೇ, ಇನ್ನು ರಜೆಯಲ್ಲಿ ನೀವು ಎಲ್ಲಿಗಾದರೂ ಗುಂಪಾಗಿ ನಡೆದು ಹೋಗುತ್ತೀರಿ. ಹೊರಡುವಾಗ ಎಷ್ಟು ಮಂದಿ ಎಂದು ಎಣಿಸಿ, ದಾರಿಯಲ್ಲಿ ಆಗಾಗ ಮತ್ತೆ ಎಣಿಸಿ. ಊಟದ ಹೊತ್ತಿಗೆ ಊಟ ಮಾಡಿ. ಅಜ್ಜ-ಅಜ್ಜಿಯರನ್ನು 'ದಣಿವಾಯ್ತೇನು?' ಎಂದು ಕೇಳಬೇಡಿ, ಇಲ್ಲ ಎಂದೇ ಹೇಳುತ್ತಾರೆ. 'ಇಲ್ಲಿ ಸ್ವಲ್ಪ ಕೂರೋಣ' ಎಂದು ನೀವೇ ಮೊದಲು ಕುಳಿತುಬಿಡಿ. ಹಿರಿಯರೇ, ನಮಗೂ ಒಂದು ಮಾತಿದೆ. ನಿಲ್ಲಬೇಕೆನಿಸಿದರೆ 'ನಿಲ್ಲಿ' ಎಂದು ಕೂಗೋಣ.

ಬುತ್ತಿ ಚೀಲ ಮಾತ್ರ ಗುಂಪಿನ ಗಟ್ಟಿ ಹೆಗಲಿಗೆ ಹಾಕಿ, ಆ ಹೆಗಲನ್ನು ಎಲ್ಲರಿಗಿಂತ ಹಿಂದೆ ನಡೆಸಿ. ಫೆಬ್ರುವರಿಯಲ್ಲಿ ನಾವು ಮತ್ತೆ ಆ ತೋಟದವರೆಗೆ ನಡೆಯುವವರಿದ್ದೇವೆ. ಚೀಲ ನನ್ನ ಹೆಗಲಿಗೇ. ಮುಂದೆ ದಾರಿ ತೋರಿಸುವವಳು ಮೊಮ್ಮಗಳು.